ಒಣ ಹುಲ್ಲುಗಾವಲಿಗೆ ಗೊಬ್ಬರ: ಮಣ್ಣಿಗೆಷ್ಟು ದಕ್ಕೀತು?

"ಮೊದಲ ಮಳೆ ಬಿದ್ದ ಕೂಡ್ಲೇ ಒಂದ್ ಮೂಟೆ ಯೂರಿಯಾ ಚೆಲ್ಲಿ ನೋಡಿ, ಹುಲ್ಲು ಹೆಂಗ್ ಬರ್ತದೆ!" ಬಯಲುಸೀಮೆಯಲ್ಲಿ ಹುಲ್ಲಿಗೆಂದು ನೆಲ ಬಿಟ್ಟವರಿಗೆ ಈ ಸಲಹೆ ಹೊಸತಲ್ಲ. ಹುಲ್ಲು ಬರುವುದೂ ನಿಜ. ಆದರೆ ಮಣ್ಣಿನೊಳಗೆ ಏನುಳಿಯಿತು?

ಸಾವಯವ ಇಂಗಾಲವೆಂದರೆ ಕೊಳೆತ ಬೇರು, ತರಗು, ಸಗಣಿಯ ಉಳಿಕೆ. ಬಿದ್ದ ಮಳೆಯನ್ನು ನಾಲ್ಕು ದಿನ ಹೆಚ್ಚು ಹಿಡಿದಿಡುವುದು ಇದೇ. ಮಣ್ಣು ಪರೀಕ್ಷೆಯಲ್ಲಿ ಇದು ಶೇ. 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ', 0.75 ದಾಟಿದರೆ 'ಹೆಚ್ಚು'.

ಒಂದೇ ಗೊಬ್ಬರದಿಂದ ಲಾಭವಿಲ್ಲ

'ನ್ಯೂಟ್ರಿಯೆಂಟ್ ನೆಟ್‌ವರ್ಕ್' ಎಂಬ ವಿಜ್ಞಾನಿಗಳ ಬಳಗ ಹಲವು ದೇಶಗಳ ಹುಲ್ಲುಗಾವಲುಗಳಲ್ಲಿ ಒಂದೇ ಬಗೆಯ ಪ್ರಯೋಗ ನಡೆಸಿದೆ. 5 ಮೀಟರ್ ಚೌಕದ ತಾಕುಗಳು. ಚದರ ಮೀಟರಿಗೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಶಿಯಂ ತಲಾ 10 ಗ್ರಾಂ. ಕೆಲವಕ್ಕೆ ಒಂದೊಂದೇ, ಕೆಲವಕ್ಕೆ ಕೂಡಿಸಿ.

2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸಾರಜನಕ ಒಂದನ್ನೇ, ರಂಜಕ ಒಂದನ್ನೇ ಕೊಟ್ಟಲ್ಲಿ ಮಣ್ಣಿನ ಇಂಗಾಲ ಹೆಚ್ಚೇನೂ ಬದಲಾಗಲಿಲ್ಲ. ಪೊಟ್ಯಾಶಿಯಂ, ಲಘುಪೋಷಕಾಂಶಗಳೂ ಸೇರಿದಾಗ ಸರಾಸರಿ ಚದರ ಮೀಟರಿಗೆ ವರ್ಷಕ್ಕೆ 40 ಗ್ರಾಂ, ಅಂದರೆ ಎಕರೆಗೆ ಸುಮಾರು 160 ಕಿಲೋ ಏರಿತು. ಏರಿಕೆ ಕಂಡದ್ದು ಹೆಚ್ಚಾಗಿ ಒಣ, ಮರಳು ಮಣ್ಣಿನ ಪ್ರದೇಶಗಳಲ್ಲಿ. ಊರಿಂದೂರಿಗೆ ವ್ಯತ್ಯಾಸ ಮಾತ್ರ ಬಹಳ. ಕೆಲವೆಡೆ ಇಳಿದದ್ದೂ ಉಂಟು.

ಇನ್ನೊಂದು ಮಾತು. ಹುಲ್ಲು ಹೆಚ್ಚು ಬೆಳೆದಲ್ಲೇ ಇಂಗಾಲ ಹೆಚ್ಚಿತೆಂದಲ್ಲ. ಎರಡಕ್ಕೂ ತಾಳೆಯಾಗಲಿಲ್ಲ. ಹಸಿರು ನೋಡಿ ಮಣ್ಣು ಸುಧಾರಿಸಿತು ಅನ್ನೋದು ಮೋಸ!

ಖರ್ಚಿನ ಲೆಕ್ಕ

ಆ ಪ್ರಮಾಣ ನಮ್ಮ ಒಂದು ಎಕರೆಗೆ ಎಷ್ಟಾಗುತ್ತದೆ? ಯೂರಿಯಾ 87 ಕಿಲೋ, ಶೇ. 16ರ ಸೂಪರ್ ಫಾಸ್ಫೇಟ್ ಸುಮಾರು 570 ಕಿಲೋ, ಪೊಟ್ಯಾಷ್ 80 ಕಿಲೋ. ಅದೂ ಪ್ರತಿವರ್ಷ. ಹುಲ್ಲಿಗೆ ಇಷ್ಟು ಸುರಿಯೋರು ಯಾರು? ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರಲ್ಲಿ 160 ಕಿಲೋ ಎಂದರೆ ಶೇ. 0.02ರಷ್ಟೂ ಇಲ್ಲ.

ನಷ್ಟವೂ ಇದೆ. ಗೊಬ್ಬರ ಉಂಡ ಎತ್ತರದ ಹುಲ್ಲು ನೆರಳು ಹಾಕಿ ಗಿಡ್ಡ ಗಿಡಗಳನ್ನು ಕೊಲ್ಲುತ್ತದೆಂದು ಇದೇ ಬಳಗ 2014ರಲ್ಲಿ ತೋರಿಸಿದೆ. ದನ ಮೇಯ್ದು ನೆಲಕ್ಕೆ ಬೆಳಕು ಬಿದ್ದಲ್ಲಿ ಅವು ಉಳಿದುಕೊಂಡವು.

ಹಾಗಾದರೆ ಏನು ಮಾಡೋಣ?

ಮೇಯಿಸುವುದನ್ನು ಪೂರಾ ನಿಲ್ಲಿಸಬೇಡಿ. ಸ್ಪಿತಿಯ ಒಣ, ಚಳಿ ಹುಲ್ಲುಗಾವಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೇಲಿ ಹಾಕಿ ನೋಡಿದ್ದಾರೆ. ಪ್ರಾಣಿಗಳು ಮೇಯದ ತಾಕಿನಲ್ಲಿ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಯಿತು (2022ರ ವರದಿ). ಹಾಗೆಂದು ಬುಡ ಕಾಣುವಷ್ಟು ಮೇಯಿಸುವುದೂ ಬೇಡ, ಸರದಿ ಇರಲಿ.

ಹುಲ್ಲುಗಾವಲಿನ ಸಗಣಿಯನ್ನೆಲ್ಲ ಹೆಕ್ಕಿ ತೋಟಕ್ಕೆ ಸಾಗಿಸುತ್ತೇವೆ. ಹುಲ್ಲಿನ ನೆಲ ಬಡವಾಗುವುದು ಹೀಗೇ. ಬೇಸಿಗೆಯಲ್ಲಿ ಕುರಿಮಂದೆ ನಿಲ್ಲಿಸಿದರೆ ಹಿಕ್ಕೆ-ಗಂಜಲದ ಜತೆ ಎಲ್ಲ ಪೋಷಕಾಂಶಗಳೂ ಒಟ್ಟಿಗೆ ಬರುತ್ತವೆ. ಸಾರಜನಕಕ್ಕೆ ಸ್ಟೈಲೋದಂಥ ದ್ವಿದಳ ಮೇವಿನ ಬೀಜ ಎರಚಬಹುದು.

ಗೊಬ್ಬರ ಹಾಕಲೇಬೇಕೆನ್ನುವವರು ಪಕ್ಕದಲ್ಲೊಂದು ಪಟ್ಟೆ ಹಾಗೇ ಬಿಡಿ. ಎರಡರ ಮಣ್ಣನ್ನೂ ಈಗಲೇ ಪರೀಕ್ಷೆ ಮಾಡಿಸಿ ಚೀಟಿ ಜೋಪಾನವಾಗಿಡಿ. ಐದು ವರ್ಷ ಬಿಟ್ಟು ಅದೇ ತಿಂಗಳು, ಅದೇ ಜಾಗ, ಅದೇ ಆಳದಿಂದ ಮತ್ತೆ ಮಣ್ಣು ತೆಗೆಯಿರಿ. ಒಂದೇ ವರ್ಷದಲ್ಲಿ ಏನೂ ಕಾಣದು.