ಲೊಪಿತಾಲನ ಶಾಂತಿನೀತಿ

ಒಂದೇ ಮನೆಯವರು ದೇವರನ್ನು ಬೇರೆ ಬೇರೆ ರೀತಿಯಲ್ಲಿ ಆರಾಧಿಸಬಹುದು. ಅದರಿಂದ ಮನೆಯು ಒಡೆಯಬೇಕಾಗಿಲ್ಲ. ಒಂದು ರಾಜ್ಯದಲ್ಲಿಯೂ ಇದು ಸಾಧ್ಯವೆ? ಒಬ್ಬ ಅರಸು, ಒಂದು ಕಾನೂನು, ಒಂದು ಮತ, ಇವು ಮೂರೂ ಕೂಡಿದ್ದರೆ ಮಾತ್ರ ದೇಶವು ನಿಲ್ಲುವುದೆಂಬುದು ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ರೂಢಿಯ ಮಾತಾಗಿತ್ತು. ಈ ನಂಬಿಕೆಗೆ ಮೊದಲು ತಾನೂ ಒಳಗಾಗಿದ್ದು, ಅನುಭವದಿಂದ ಅದನ್ನು ತಿದ್ದಿಕೊಂಡ ಮಂತ್ರಿಯೊಬ್ಬನ ಭಾಷಣ ಲೇಖನಗಳನ್ನು ಕುರಿತು ವಾಚಕರಿಗೆ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಆತನೇ ಮಿಷೆಲ್ ದ ಲೊಪಿತಾಲ್.

ಲೊಪಿತಾಲನು ಸುಮಾರು 1505ರಲ್ಲಿ ಓವೆರ್ನ್ ಪ್ರಾಂತದಲ್ಲಿ ಹುಟ್ಟಿದನು. ತಂದೆಯು ಬೂರ್ಬನ್ ಪ್ರಭುವಿನ ವೈದ್ಯ. 1523ರಲ್ಲಿ ಆ ಪ್ರಭುವು ದೊರೆಗೆ ತಿರುಗಿಬಿದ್ದು ದೇಶವನ್ನು ಬಿಟ್ಟಾಗ ವೈದ್ಯನೂ ಒಡೆಯನ ಹಿಂದೆಯೇ ಹೋದನು. ತುಲೂಸಿನಲ್ಲಿ ಓದುತ್ತಿದ್ದ ಮಗನು ಈ ಕಾರಣದಿಂದ ಸೆರೆಮನೆಯನ್ನು ಕಾಣಬೇಕಾಯಿತು. ಬಿಡುಗಡೆಯಾದ ಮೇಲೆ ಇಟಲಿಯ ಪಾದುವದಲ್ಲಿ ನ್ಯಾಯಶಾಸ್ತ್ರವನ್ನು ಕಲಿತು, ಸ್ವದೇಶಕ್ಕೆ ಮರಳಿ, 1560ರಲ್ಲಿ ಚಾನ್ಸೆಲರ್ ಪದವಿಗೆ ಏರಿದನು. ರಾಜಮುದ್ರೆಯ ರಕ್ಷಣೆಯೂ ನ್ಯಾಯಾಡಳಿತದ ಮೇಲ್ವಿಚಾರಣೆಯೂ ಆ ಪದವಿಗೆ ಸೇರಿದ್ದವು. ಆತನು ಕ್ಯಾಥೊಲಿಕನು, ಹೆಂಡತಿಯೂ ಮಗಳೂ ಪ್ರಾಟೆಸ್ಟಂಟರು.

ಅದೇ ವರ್ಷದ ಡಿಸೆಂಬರಿನಲ್ಲಿ ಓರ್ಲೆಯಾನ್ ನಗರದಲ್ಲಿ ದೇಶದ ಮೂರು ವರ್ಗಗಳ ಪ್ರತಿನಿಧಿಸಭೆಯು ಸೇರಿತು. ದೊರೆ ಒಂಬತ್ತನೆಯ ಚಾರ್ಲ್ಸನಿಗೆ ಆಗ ಹತ್ತು ವರ್ಷ. ತಾಯಿ ಕ್ಯಾಥರೀನಳೇ ರಾಜ್ಯಭಾರವನ್ನು ನೋಡುತ್ತಿದ್ದಳು. ಅಲ್ಲಿ ಚಾನ್ಸೆಲರನು ಆಡಿದ ಮಾತಿನ ಸಾರಾಂಶವಿಷ್ಟು: ಒಬ್ಬರನ್ನೊಬ್ಬರು ಹಳಿಯುವ ಪಂಗಡದ ಹೆಸರುಗಳನ್ನು ಬಿಟ್ಟು, ಕ್ರೈಸ್ತರೆಂಬ ಸಮಾನವಾದ ಹೆಸರನ್ನೇ ಉಳಿಸಿಕೊಳ್ಳಬೇಕು, ಮನಸ್ಸನ್ನು ಆಯುಧವು ಗೆಲ್ಲಲಾರದು, ಸದಾಚಾರದಿಂದಲೂ ಪ್ರಾರ್ಥನೆಯಿಂದಲೂ ಮೃದುವಾದ ಮಾತಿನಿಂದಲೂ ಅನ್ಯರನ್ನು ಒಲಿಸಿಕೊಳ್ಳಬೇಕು. ಆದರೆ ಮತಭೇದವುಳ್ಳವರು ಒಂದೇ ಊರಿನಲ್ಲಿ ಸ್ನೇಹದಿಂದ ಬಾಳುವುದು ದುಸ್ತರವೆಂದೂ ಆ ಭಾಷಣದಲ್ಲಿಯೇ ಆತನು ಒಪ್ಪಿದ್ದನು. ಎರಡು ಪಕ್ಷಗಳೂ ಕೊನೆಗೆ ಒಂದಾಗುವುವೆಂಬುದೇ ಆತನ ಆಸೆ.

ಆ ಆಸೆಯು ಫಲಿಸಲಿಲ್ಲ. 1561ರಲ್ಲಿ ಪ್ವಾಸಿಯಲ್ಲಿ ಉಭಯ ಪಕ್ಷದ ಪಂಡಿತರು ವಾದಮಾಡಿ, ಒಮ್ಮತಕ್ಕೆ ಬಾರದೆ ಚದರಿದರು. ಮರುವರ್ಷದ ಜನವರಿಯಲ್ಲಿ ಸೇಂಟ್ ಜರ್ಮೇನಿನ ಸಭೆಯಲ್ಲಿ ಲೊಪಿತಾಲನು ಒಂದು ಹೆಜ್ಜೆ ಮುಂದೆ ಹೋದನು. ಯಾವ ಮತವು ಸತ್ಯವೆಂಬುದನ್ನು ಇಲ್ಲಿ ನಿರ್ಣಯಿಸಬೇಕಾಗಿಲ್ಲ, ಪ್ರಜೆಗಳು ಕೂಡಿ ಬಾಳುವ ಬಗೆಯೇ ವಿಚಾರಣೀಯವೆಂದು ವಾದಿಸಿದನು. ಧರ್ಮಸಂಘವು ಬಹಿಷ್ಕರಿಸಿದವನೂ ರಾಜ್ಯದ ಪ್ರಜೆಯಾಗಿಯೇ ಉಳಿಯುವನೆಂಬುದು ಆತನ ತರ್ಕ. ಈ ಒಂದು ವಿವೇಚನೆಯಲ್ಲಿಯೇ ಆತನ ರಾಜನೀತಿಯ ತಿರುಳಿದೆಯೆಂದು ನಮಗೆ ತೋರುತ್ತದೆ.

ಆ ತಿಂಗಳು ಹೊರಟ ಶಾಸನವು ಪ್ರಾಟೆಸ್ಟಂಟರಿಗೆ ಪಟ್ಟಣಗಳ ಗೋಡೆಯ ಹೊರಗೆ ಬಹಿರಂಗವಾಗಿ ಆರಾಧನೆ ನಡೆಸುವ ಹಕ್ಕನ್ನು ಕೊಟ್ಟಿತು. ಆದರೆ ಮಾರ್ಚ್ 1ರಂದು ವಾಸ್ಸಿ ಎಂಬಲ್ಲಿ ಕೊಟ್ಟಿಗೆಯೊಂದರಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನು ಗೀಸ್ ಪ್ರಭುವಿನ ಕಡೆಯವರು ಕೊಂದರು. ಯುದ್ಧವು ಹೊತ್ತಿತು. ಅದರ ನಡುವೆಯೂ ಲೊಪಿತಾಲನು ನ್ಯಾಯಸುಧಾರಣೆಯನ್ನು ಬಿಡಲಿಲ್ಲ. ಜನವರಿ 1ರಂದೇ ವರ್ಷಾರಂಭವೆಂದು ಫ್ರಾನ್ಸಿನಲ್ಲಿ ಗೊತ್ತುಮಾಡಿದ 1564ರ ಶಾಸನವೂ ಆತನ ಅಧಿಕಾರಕಾಲದ್ದೇ.

1568ರಲ್ಲಿ ರಾಜಮುದ್ರೆಯು ಆತನ ಕೈಬಿಟ್ಟಿತು. ಎಟಾಂಪಿನ ಸಮೀಪದ ತನ್ನ ಹಳ್ಳಿಯಲ್ಲಿ ಆತನು ಯುದ್ಧಶಾಂತಿಗಳ ಉದ್ದೇಶವನ್ನು ಕುರಿತು ದೊರೆಗೆ ಲೇಖನವನ್ನು ಬರೆದನು. ಸ್ನೇಹಿತರಿಗೆ ಲ್ಯಾಟಿನ್ ಪದ್ಯಗಳಲ್ಲಿ ಪತ್ರಗಳನ್ನು ಬರೆದನು. 1572ರ ಆಗಸ್ಟ್ 24ರಂದು ಪ್ಯಾರಿಸಿನಲ್ಲಿ ಪ್ರಾಟೆಸ್ಟಂಟರ ಕಗ್ಗೊಲೆಯಾಯಿತು. ಕೆಲದಿನಗಳಲ್ಲಿ ಸವಾರರು ಹಳ್ಳಿಯ ಮನೆಯತ್ತ ಬರುವುದನ್ನು ಕಂಡ ಸೇವಕರು ಬಾಗಿಲು ಹಾಕಲು ಅಪ್ಪಣೆ ಕೇಳಿದಾಗ, ಚಿಕ್ಕ ಬಾಗಿಲು ಸಾಲದಿದ್ದರೆ ದೊಡ್ಡದನ್ನೂ ತೆರೆಯಿರೆಂದು ವೃದ್ಧನು ಹೇಳಿದನೆಂದು ಪ್ರತೀತಿ. ಬಂದವರು ಆತನ ರಕ್ಷಣೆಗಾಗಿ ರಾಣಿಯು ಕಳುಹಿಸಿದವರು. ಪ್ಯಾರಿಸಿನಲ್ಲಿದ್ದ ಮಗಳೂ ಬದುಕಿದಳು. ಆಕೆಯನ್ನು ಉಳಿಸಿದವಳು ಬೇರೆ ಯಾರೂ ಅಲ್ಲ, ಮೊದಲು ಆ ಗೀಸ್ ಪ್ರಭುವಿನ ಪತ್ನಿಯಾಗಿದ್ದ ಆನ್ ದೆಸ್ತೆ. ಲೊಪಿತಾಲನು 1573ರ ಮಾರ್ಚಿನಲ್ಲಿ ತೀರಿಕೊಂಡನು.

1598ರಲ್ಲಿ ನಾಂತಿನ ಶಾಸನವು ಎರಡು ಮತಗಳಿಗೂ ನೆಲೆಕೊಟ್ಟಾಗ, ಯುದ್ಧವು ಮೊದಲಾಗಿ ಮೂವತ್ತಾರು ವರ್ಷಗಳು ಕಳೆದಿದ್ದವು. ಚಾನ್ಸೆಲರನು ಸಭೆಯಲ್ಲಿ ತಿಳಿಯಹೇಳಿದುದನ್ನು ದೇಶವು ರಕ್ತವನ್ನು ಸುರಿಸಿ ಕಲಿತುಕೊಂಡಿತು. ನೆರೆಯವನ ನಂಬಿಕೆಯನ್ನು ಒಪ್ಪದೆಯೂ ಅವನೊಡನೆ ನೆಮ್ಮದಿಯಿಂದ ಬಾಳಬಹುದೆಂಬುದನ್ನು ಮಕ್ಕಳು ಮೊದಲು ಕಲಿಯುವುದು ಮನೆಯಲ್ಲಿಯೇ ಆದುದರಿಂದ, ಈ ವೃದ್ಧಮಂತ್ರಿಯ ಚರಿತ್ರೆಯನ್ನು ಗೃಹಸ್ಥರು ಮನೆಮಂದಿಗೆ ಒಮ್ಮೆ ಓದಿಹೇಳುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.