ಮರೆವಿಗೊಂದು ಮಿಣುಕು ದೀಪ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ವಿದ್ಯುತ್ತು 1902ರಲ್ಲಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂತಹ ವಿದ್ಯುಚ್ಛಕ್ತಿಗೆ ಇಂದು ಮನೆಯೊಳಗಿನ ಒಂದು ಕಿರುಗೆಲಸವನ್ನೂ ಒಪ್ಪಿಸಬಹುದು: ನೀರಿನ ಡ್ರಮ್ಮನ್ನು ತೊಳೆಯುವ ದಿನವನ್ನು ನೆನಪಿಸುವುದು.

ಕೆಲಸ ಕಿರಿದಾದರೂ ಅಲಕ್ಷಿಸುವಂತಹುದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲೇ ಆಗಲಿ, ಬೇರಾವ ಊರಿನಲ್ಲೇ ಆಗಲಿ, ನಲ್ಲಿಯ ನೀರನ್ನು ಹಿಡಿದಿಡುವ ಮನೆಗೆ ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯ ಭಯ ಇದ್ದದ್ದೇ. ಚರಂಡಿಗಿಂತ ತಿಳಿನೀರೇ ಅದಕ್ಕೆ ಪ್ರಿಯ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದ ಮಾತ್ರಕ್ಕೆ ಕಾಟ ತೀರದು. ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ವಾರಕ್ಕೊಮ್ಮೆ ತಿಕ್ಕಿಯೇ ತೊಳೆಯಬೇಕು. ಆದರೆ ಕಾದು ಹಿಡಿದ ನೀರನ್ನು ಚೆಲ್ಲಲು ಯಾವ ಗೃಹಿಣಿಗೆ ಮನಸ್ಸು ಬಂದೀತು?

ಉಪಕರಣದ ರಚನೆ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು. ಅದಕ್ಕೆ ದಿನಗಳ ಲೆಕ್ಕದೊಡನೆ ನೀರಿನ ಮಟ್ಟವೂ ತಿಳಿಯಬೇಕು. ಡ್ರಮ್ಮಿನೊಳಗೆ, ಗೋಡೆಯ ಪಕ್ಕದ ಕಂಬಿಯ ಮೇಲೆ ಏರಿಳಿಯುವ ತೇಲುಗುಂಡು, ಅದರಲ್ಲೊಂದು ಆಯಸ್ಕಾಂತ. ಹೊರಗೆ, ತಳದ ಬಳಿ, ಆಯಸ್ಕಾಂತ ಸಮೀಪಿಸಿದೊಡನೆ ಕೂಡಿಕೊಳ್ಳುವ ರೀಡ್ ಸ್ವಿಚ್ಚು. ಪ್ಲಾಸ್ಟಿಕ್ಕಿನ ಗೋಡೆ ಆ ಸೆಳೆತವನ್ನು ತಡೆಯದು. ತೊಳೆದು ಐದು ದಿನ ಕಳೆದ ಮೇಲೆ ನೀರು ತಳ ಮುಟ್ಟಿತೆಂದರೆ ಕೆಂಪು ದೀಪ ಮಿಣುಕುತ್ತದೆ: ಮತ್ತೆ ತುಂಬುವ ಮುನ್ನ ತೊಳೆಯಿರಿ ಎಂದು ಅದರ ಅರ್ಥ. ನೀರು ಮುಗಿಯದಿದ್ದರೂ ಏಳನೆಯ ದಿನ ಅದು ಮಿಣುಕದೆ ಬಿಡದು.

ಇಷ್ಟಕ್ಕೂ ಶಕ್ತಿ ನೀಡುವುದು ನಾಣ್ಯದಾಕಾರದ 3 ವೋಲ್ಟಿನ ಒಂದು ಬ್ಯಾಟರಿ. ಅದರ ಸಂಗ್ರಹ ಸುಮಾರು 220 ಮಿಲಿ ಆಂಪಿಯರ್-ಗಂಟೆ. 2 ಮಿಲಿ ಆಂಪಿಯರಿನ ದೀಪವನ್ನು ಎಡೆಬಿಡದೆ ಉರಿಸಿದರೆ 110 ಗಂಟೆಗಳಲ್ಲಿ, ಅಂದರೆ ಐದು ದಿನ ತುಂಬುವ ಮೊದಲೇ, ಅದು ಬರಿದಾಗುತ್ತದೆ. ಹತ್ತು ಸೆಕೆಂಡಿಗೊಮ್ಮೆ, ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ ಬೆಳಗಿಸಿದರೆ ಸರಾಸರಿ ವೆಚ್ಚ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಉಪಕರಣದ ಮಿದುಳಾದ ಚಿಪ್ಪೂ ಸದಾ ನಿದ್ರಿಸುತ್ತಿರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೊಂದೇ ಎಚ್ಚರವಿದ್ದು ಕಾಲವನ್ನೆಣಿಸುತ್ತದೆ. ಗಂಟೆಗೊಮ್ಮೆ ಚಿಪ್ಪು ಎದ್ದು, ಸ್ವಿಚ್ಚನ್ನು ನೋಡಿ, ಮತ್ತೆ ಮಲಗುತ್ತದೆ. ಒಟ್ಟು ವೆಚ್ಚವನ್ನು ಆಂಪಿಯರಿನ ಹತ್ತು ಲಕ್ಷದ ಐದು ಭಾಗಕ್ಕೆ ಹಿಡಿದಿಟ್ಟರೆ, ಲೆಕ್ಕದ ಪ್ರಕಾರ ಬ್ಯಾಟರಿ ಐದು ವರ್ಷ ಬಾಳಬೇಕು.

ನೀರು ಬರಿದಾದುದು ಈ ಉಪಕರಣಕ್ಕೆ ತಿಳಿಯುತ್ತದೆ. ಡ್ರಮ್ಮನ್ನು ತಿಕ್ಕಿದರೋ ಇಲ್ಲವೋ ತಿಳಿಯದು. ಆದುದರಿಂದ ಹೊಸ ವಾರದ ಲೆಕ್ಕವನ್ನು ಆರಂಭಿಸಲು ಒಂದು ಗುಂಡಿಯನ್ನಿಡಬೇಕು. ತಿಕ್ಕಿದ ಕೈಯೇ ಅದನ್ನು ಒತ್ತಬೇಕು. ತೊಳೆಯದೆ ಒತ್ತಿದರೆ ದೀಪವೇನೋ ಆರುತ್ತದೆ. ಸೊಳ್ಳೆ ಮಾತ್ರ ಮೋಸಹೋಗುವುದಿಲ್ಲ.