ಒಣ ಹವಳಕಲ್ಲಿನಲ್ಲಿ ಅಡಗಿರುವ ಫಾಸ್ಫೇಟು ಮತ್ತು ಅದರ ನಿವಾರಣೆ

ಕಡಲಿನ ಹವಳಗಳನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸುವವರು ತೊಟ್ಟಿಯ ತಳದಲ್ಲಿ ಕಲ್ಲುಗಳನ್ನು ಒಟ್ಟಿ ಒಂದು ಸಣ್ಣ ದಿಬ್ಬವನ್ನು ಕಟ್ಟುವುದು ವಾಡಿಕೆ. ಈ ಕಲ್ಲು ಕೇವಲ ಅಲಂಕಾರಕ್ಕಾಗಿ ಇರುವುದಲ್ಲ. ಅದರ ಅಸಂಖ್ಯ ರಂಧ್ರಗಳಲ್ಲಿ ನೆಲಸುವ ಬ್ಯಾಕ್ಟೀರಿಯಗಳು ಮೀನುಗಳು ವಿಸರ್ಜಿಸುವ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸಿ, ನೀರು ವಿಷವಾಗದಂತೆ ಕಾಯುತ್ತವೆ. ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬವರು, ಜೀವಿಗಳು ತುಂಬಿರುವ ಕಲ್ಲನ್ನೇ ಕಡಲಿನಿಂದ ತಂದು ತೊಟ್ಟಿಯಲ್ಲಿಡುವ ತಮ್ಮ ಪದ್ಧತಿಯನ್ನು 1961ರಲ್ಲಿ ಪ್ರಕಟಿಸಿದರು. ಮುಂದೆ ಆ ಪದ್ಧತಿಯು ಅನೇಕ ದೇಶಗಳಲ್ಲಿ ಹಬ್ಬಿತು. ಆದರೆ ತೊಟ್ಟಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಹವಳದ ದಿಬ್ಬಗಳಿಂದ ಕಲ್ಲನ್ನು ಕೀಳುವುದೂ ಹೆಚ್ಚಿತು. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಒಪ್ಪಂದದ ಮೂಲಕ ಹದ್ದಿನಲ್ಲಿಡಬೇಕಾಯಿತು. ಭಾರತದಲ್ಲಿ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳೂ ಇವುಗಳಲ್ಲಿ ಸೇರಿವೆ.

ಹೀಗಿರಲು ಜೀವಂತ ಕಲ್ಲಿಗೆ ಪ್ರತಿಯಾಗಿ ಬಳಕೆಗೆ ಬಂದುದೇ ಒಣ ಕಲ್ಲು. ಇದು ಬಹುಕಾಲದ ಹಿಂದೆಯೇ ಸತ್ತ ಹವಳಗಳ ಸುಣ್ಣಕಲ್ಲು. ನೆಲದ ಮೇಲಿನ ಗಣಿಗಳಿಂದ ಇದನ್ನು ತೆಗೆಯಬಹುದು. ಹಳೆಯ ತೊಟ್ಟಿಗಳಲ್ಲಿದ್ದುದನ್ನು ಒಣಗಿಸಿ ಮತ್ತೆ ಬಳಸಬಹುದು. ಇದರಿಂದ ಕಡಲಿಗೆ ಹಾನಿಯಿಲ್ಲ. ಆದರೆ ಇದಕ್ಕೆ ಒಂದು ದೋಷವುಂಟು. ನೋಡುವುದಕ್ಕೆ ಬೆಳ್ಳಗೆ ಶುಭ್ರವಾಗಿರುವ ಕಲ್ಲನ್ನು ಹೊಸ ತೊಟ್ಟಿಯಲ್ಲಿಟ್ಟ ಕೆಲವು ವಾರಗಳೊಳಗೆ ಅದರ ಮೈಮೇಲೆಲ್ಲ ನೂಲಿನಂಥ ಹಸುರು ಪಾಚಿ ಹಬ್ಬುವುದುಂಟು. ತೊಟ್ಟಿಯವನು ಮೀನಿನ ಆಹಾರವನ್ನು ಕಡಮೆಮಾಡುತ್ತಾನೆ, ನೀರನ್ನು ಬದಲಿಸುತ್ತಾನೆ, ದೀಪವನ್ನು ದೂಷಿಸುತ್ತಾನೆ, ಪಾಚಿ ಹೋಗುವುದಿಲ್ಲ. ಕೊನೆಗೆ ಒಣ ಕಲ್ಲಿನ ಸಹವಾಸವೇ ಬೇಡವೆಂದು ಮತ್ತೆ ಕಡಲಿನ ಕಲ್ಲಿಗೆ ಮನಸ್ಸು ಮಾಡುತ್ತಾನೆ. ಒಣ ಕಲ್ಲಿನ ಈ ದೋಷಕ್ಕೆ ಕಾರಣವೇನು, ಅದನ್ನು ಹೇಗೆ ಕಳೆಯಬಹುದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಫಾಸ್ಫೇಟಿನಿಂದ ಆಗುವ ಹಾನಿ

ಹವಳದ ದಿಬ್ಬಗಳ ಮೇಲಿನ ನೀರಿನಲ್ಲಿ ಕರಗಿರುವ ಫಾಸ್ಫೇಟು ಅತ್ಯಲ್ಪ. ಸಾಮಾನ್ಯವಾಗಿ ಅದು ಲೀಟರಿಗೆ 0.03 ಮಿಲಿಗ್ರಾಮನ್ನು ಮೀರುವುದಿಲ್ಲ. ಇದು ಹೆಚ್ಚಿದಾಗ ಎರಡು ಬಗೆಯ ಕೇಡುಗಳಾಗುತ್ತವೆ. ಪಾಚಿಗಳು ಹವಳಗಳಿಗಿಂತ ಬೇಗ ಬೆಳೆದು ಅವುಗಳ ಸ್ಥಳವನ್ನೂ ಬೆಳಕನ್ನೂ ಆಕ್ರಮಿಸುವುದು ಮೊದಲನೆಯದು. ಎರಡನೆಯದು ಹವಳದ ಅಸ್ಥಿಪಂಜರಕ್ಕೆ ಸಂಬಂಧಿಸಿದುದು. ಬೆಳೆಯುತ್ತಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಿನ ಮುಖಕ್ಕೆ ಫಾಸ್ಫೇಟಿನ ಅಯಾನು ಅಂಟಿಕೊಂಡರೆ ಆ ಸ್ಥಳದಲ್ಲಿ ಹರಳು ಮುಂದಕ್ಕೆ ಬೆಳೆಯಲಾರದು. ಸಿಮ್‌ಕಿಸ್ ಅವರು 1964ರಲ್ಲಿ ಫಾಸ್ಫೇಟನ್ನು ‘ಹರಳಿನ ವಿಷ’ವೆಂದು ಕರೆದುದು ಇದೇ ಕಾರಣದಿಂದ. ಆಸ್ಟ್ರೇಲಿಯದ ಮಹಾ ಹವಳ ದಂಡೆಯ ವನ್ ಟ್ರೀ ದ್ವೀಪದಲ್ಲಿ ಕಿನ್ಸೆ ಮತ್ತು ಡೇವಿಸ್ ಅವರು ಒಂದು ದಿಬ್ಬಕ್ಕೆ ತಿಂಗಳುಗಟ್ಟಲೆ ಫಾಸ್ಫೇಟನ್ನೂ ಸಾರಜನಕದ ಲವಣಗಳನ್ನೂ ಊಡಿ ನೋಡಿದರು. ಅಲ್ಲಿ ಸುಣ್ಣ ಕಟ್ಟುವ ಕ್ರಿಯೆಯು ಅರ್ಧಕ್ಕಿಂತಲೂ ಹೆಚ್ಚಾಗಿ ಕುಂದಿತೆಂದು ಅವರು 1979ರಲ್ಲಿ ವರದಿಮಾಡಿದರು.

ಆದರೂ ಫಾಸ್ಫೇಟನ್ನು ಸಂಪೂರ್ಣವಾಗಿ ಇಲ್ಲದಂತೆ ಮಾಡುವುದು ನಮ್ಮ ಗುರಿಯಲ್ಲ. ಹವಳದ ದೇಹದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳಿಗೂ ಅದು ಬೇಕು. ನೈಟ್ರೇಟು ಹೇರಳವಾಗಿದ್ದು ಫಾಸ್ಫೇಟಿನ ಅಭಾವವಾದರೆ ಹವಳಗಳು ಸುಲಭವಾಗಿ ಬಿಳಿಚಿಕೊಳ್ಳುವುವೆಂದು ವೀಡನ್‌ಮನ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ತೋರಿಸಿಕೊಟ್ಟಿದ್ದಾರೆ. ಆದುದರಿಂದ ಫಾಸ್ಫೇಟನ್ನು ಹಿಡಿತದಲ್ಲಿಡುವುದು ಅಗತ್ಯ, ನಿರ್ಮೂಲಮಾಡುವುದು ಅನಗತ್ಯ.

2. ಕಲ್ಲು ಮತ್ತು ನೀರಿನ ನಡುವಣ ಸಮತೋಲ

ಕಲ್ಲಿನಲ್ಲಿ ಫಾಸ್ಫೇಟು ಮೂರು ರೂಪಗಳಲ್ಲಿ ಇರಬಹುದು. ರಂಧ್ರಗಳಲ್ಲಿ ಒಣಗಿಹೋದ ಜೀವಿಗಳ ಅವಶೇಷ ಮೊದಲನೆಯದು. ಅದು ನೀರಿನಲ್ಲಿ ಕೊಳೆತು ಫಾಸ್ಫೇಟನ್ನು ಬಿಡುವುದು. ಹರಳುಗಳ ಮೇಲ್ಮೈಗೆ ಅಂಟಿಕೊಂಡಿರುವ ಫಾಸ್ಫೇಟು ಎರಡನೆಯದು. ಕಲ್ಲಿನ ಅಂಗಭಾಗವೇ ಆಗಿಹೋದ, ಅಪಟೈಟ್ ಜಾತಿಯ ಖನಿಜ ಮೂರನೆಯದು. ಕಡಲುಹಕ್ಕಿಗಳ ಹಿಕ್ಕೆ ಬಹುಕಾಲ ಬಿದ್ದ ನೌರು ಮುಂತಾದ ದ್ವೀಪಗಳ ಸುಣ್ಣಕಲ್ಲಿನಲ್ಲಿ ಇದನ್ನು ವಿಶೇಷವಾಗಿ ಕಾಣಬಹುದು. ಕಡಲನೀರಿನ ಸಹಜ ಕ್ಷಾರಗುಣದಲ್ಲಿ ಈ ಖನಿಜವು ಬಹುಮಟ್ಟಿಗೆ ಕರಗದೆ ಉಳಿಯುವುದರಿಂದ ಅದರಿಂದ ತೊಂದರೆ ಕಡಮೆ.

ತೊಟ್ಟಿಯವರನ್ನು ಬಹಳವಾಗಿ ಕಾಡುವುದು ಎರಡನೆಯ ರೂಪ. ಇದನ್ನು ಕಲ್ಲಿನ ಮೇಲೆ ಕುಳಿತ ಕೊಳೆಯೆಂದು ಭಾವಿಸುವುದು ತಪ್ಪು. ಕೊಳೆಯನ್ನು ಒಮ್ಮೆ ತೊಳೆದರೆ ಅದು ಹೋಗುವುದು. ಫಾಸ್ಫೇಟಾದರೋ ಕಲ್ಲಿಗೂ ನೀರಿಗೂ ನಡುವೆ ಸದಾ ಹಂಚಿಹೋಗುತ್ತಿರುವ ವಸ್ತು. ನೀರಿನಲ್ಲಿ ಅದು ಹೆಚ್ಚಾದರೆ ಕಲ್ಲು ಹೀರಿಕೊಳ್ಳುವುದು. ನೀರಿನಲ್ಲಿ ಕಡಮೆಯಾದರೆ ಕಲ್ಲು ಬಿಟ್ಟುಕೊಡುವುದು. ಕ್ಯಾಲ್ಸೈಟ್ ಮತ್ತು ಆರಗೊನೈಟ್ ಹರಳುಗಳು ಕಡಲನೀರಿನಿಂದ ಫಾಸ್ಫೇಟನ್ನು ಹಿಡಿಯುವ ಬಗೆಯನ್ನು ಡಿ ಕೆನಲ್ ಮತ್ತು ಮೋರ್ಸ್ 1978ರಲ್ಲಿಯೂ, ಮಿಲ್ಲೆರೊ ಮತ್ತು ಸಂಗಡಿಗರು 2001ರಲ್ಲಿಯೂ ಪರಿಶೀಲಿಸಿದರು. ಇವರಲ್ಲಿ ಎರಡನೆಯವರು ಕಂಡುಕೊಂಡ ಒಂದು ಅಂಶ ನಮಗೆ ನೇರವಾಗಿ ಉಪಯುಕ್ತ: ನೀರಿನ ಲವಣತೆ ಹೆಚ್ಚಿದಷ್ಟೂ ಹರಳುಗಳು ಹಿಡಿಯುವ ಫಾಸ್ಫೇಟು ಕಡಮೆಯಾಗುವುದು. ಆದುದರಿಂದ ಕಲ್ಲನ್ನು ಸಿಹಿನೀರಿನಲ್ಲಿ ನೆನೆಯಿಸಿ ಪರೀಕ್ಷಿಸಿ, ದೋಷವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಅದೇ ಕಲ್ಲು ಉಪ್ಪುನೀರಿಗೆ ಇಳಿದಾಗ ಬೇರೆ ರೀತಿಯಾಗಿ ವರ್ತಿಸೀತು.

3. ಒಂದು ಲೆಕ್ಕ

ಈ ಹಂಚಿಕೆಯ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 200 ಲೀಟರು ಉಪ್ಪುನೀರಿನಲ್ಲಿ ಕಲ್ಲನ್ನು ಮುಳುಗಿಸಿದ್ದೇವೆ, ಸಮತೋಲ ಉಂಟಾದ ಮೇಲೆ ನೀರಿನ ಫಾಸ್ಫೇಟು ಲೀಟರಿಗೆ 0.5 ಮಿಲಿಗ್ರಾಂ ಇದೆ, ಮತ್ತು ನೀರಿನಲ್ಲಿರುವುದರ ಹತ್ತರಷ್ಟು ಕಲ್ಲಿನಲ್ಲಿದೆ ಎಂದುಕೊಳ್ಳೋಣ. ಆಗ ನೀರಿನಲ್ಲಿರುವುದು 100 ಮಿಲಿಗ್ರಾಂ, ಕಲ್ಲಿನಲ್ಲಿರುವುದು 1000 ಮಿಲಿಗ್ರಾಂ. ನೀರೆಲ್ಲವನ್ನೂ ಚೆಲ್ಲಿ ಹೊಸ ನೀರನ್ನು ತುಂಬಿದರೆ ಹೋದುದು ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಕೆಲವು ದಿನಗಳಲ್ಲಿ ಹೊಸ ನೀರಿನ ಫಾಸ್ಫೇಟು ಮತ್ತೆ 0.45ಕ್ಕೆ ಏರುವುದು. ಹತ್ತು ಸಲ ಹೀಗೆ ಮಾಡಿದರೂ ಅದು 0.19ಕ್ಕೆ ಇಳಿದೀತು, 0.05ಕ್ಕಿಂತ ಕೆಳಗಿಳಿಯಬೇಕಾದರೆ 25 ಸಲ ನೀರನ್ನು ಬದಲಿಸಬೇಕು. ಲೀಟರಿಗೆ 35 ಗ್ರಾಮಿನಂತೆ ಒಂದು ಸಲಕ್ಕೆ 7 ಕಿಲೋಗ್ರಾಂ ಉಪ್ಪಾದರೆ 25 ಸಲಕ್ಕೆ 175 ಕಿಲೋಗ್ರಾಂ ಆಗುವುದು. ವಾಸ್ತವದಲ್ಲಿ ಹಂಚಿಕೆಯ ಪ್ರಮಾಣ ಕಲ್ಲಿನಿಂದ ಕಲ್ಲಿಗೆ ಬದಲಾಗುವುದು. ಕೊನೆಕೊನೆಯ ಅಂಶಗಳು ಮತ್ತಷ್ಟು ಬಿಗಿಯಾಗಿ ಅಂಟಿರುವುದರಿಂದ ಕೆಲಸ ಇನ್ನೂ ನಿಧಾನವಾಗುವುದು. ನೀರು ಬದಲಿಸಿದ ಮರುದಿನ ಪರೀಕ್ಷೆಯಲ್ಲಿ ಕಂಡ ಸೊನ್ನೆಯನ್ನು ನಂಬಿದವನು ಹದಿನೈದು ದಿನಗಳ ಬಳಿಕ ಏಕೆ ಬೆರಗಾಗುತ್ತಾನೆಂಬುದು ಇದರಿಂದ ಸ್ಪಷ್ಟವಾಗುವುದು.

4. ನಿವಾರಣೆಯ ವಿಧಾನಗಳು

ಮೊದಲು ಜೀವಾವಶೇಷವನ್ನು ತೆಗೆಯಬೇಕು. ಗಟ್ಟಿಯಾದ ಕುಂಚದಿಂದ ಉಜ್ಜಿ, ನೀರನ್ನು ರಭಸವಾಗಿ ಹಾಯಿಸಿ ತೊಳೆದು, ಬಳಿಕ ಸೋಡಿಯಂ ಹೈಪೊಕ್ಲೊರೈಟಿನ ತೆಳುವಾದ ದ್ರಾವಣದಲ್ಲಿ ಕೆಲವು ದಿನ ನೆನೆಯಿಸಿದರೆ ಜೈವಿಕ ವಸ್ತು ನಾಶವಾಗುವುದು. ಉಳಿದ ಕ್ಲೋರೀನನ್ನು ಸೋಡಿಯಂ ಥಯೊಸಲ್ಫೇಟಿನಿಂದ ಕಳೆದು, ಕಲ್ಲನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಈ ದ್ರಾವಣವನ್ನು ಯಾವ ಕಾರಣಕ್ಕೂ ಆಮ್ಲದೊಡನೆ ಬೆರಸಕೂಡದು. ಬೆರಸಿದರೆ ವಿಷವಾದ ಕ್ಲೋರೀನ್ ಅನಿಲ ಹೊರಡುವುದು.

ಎರಡನೆಯದು ಆಮ್ಲದ ಉಪಚಾರ. ತೆಳುವಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕಲ್ಲನ್ನು ಅದ್ದಿದರೆ ಹೊರಪದರ ಕರಗಿ, ಅದರೊಡನೆ ಅಲ್ಲಿದ್ದ ಫಾಸ್ಫೇಟೂ ಹೋಗುವುದು. ನೂರಕ್ಕೆ 32 ಭಾಗದ ಆಮ್ಲದ ಒಂದು ಲೀಟರು ಸುಮಾರು 500 ಗ್ರಾಂ ಕಲ್ಲನ್ನು ಕರಗಿಸಿ, ಸುಮಾರು 120 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಪಡಿಸುವುದು. ಆದುದರಿಂದ ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಕಣ್ಣಿಗೂ ಕೈಗೂ ರಕ್ಷಣೆ ಇರಬೇಕು. ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ನೊರೆ ನಿಲ್ಲುವವರೆಗೂ ಕಲ್ಲನ್ನು ಅದೇ ದ್ರಾವಣದಲ್ಲಿ ಬಿಡುವುದು ಅನೇಕರ ಅಭ್ಯಾಸ. ಇದು ಸರಿಯಲ್ಲ. ಆಮ್ಲ ತೀರಿದ ಮೇಲೆ ಕರಗಿದ ಫಾಸ್ಫೇಟು ಅಲ್ಲಿಯೇ ಹೇರಳವಾಗಿರುವ ಕ್ಯಾಲ್ಸಿಯಮಿನೊಡನೆ ಕೂಡಿ ಮತ್ತೆ ಕಲ್ಲಿನ ಮೇಲೆಯೇ ಕುಳಿತುಕೊಳ್ಳುವುದು. ನೊರೆ ಇರುವಾಗಲೇ ದ್ರಾವಣವನ್ನು ಚೆಲ್ಲಿ ಕೂಡಲೆ ತೊಳೆಯತಕ್ಕದ್ದು. ಒಳಗಿನ ರಂಧ್ರಗಳಿಗೆ ಆಮ್ಲವು ಚೆನ್ನಾಗಿ ತಲಪುವುದಿಲ್ಲ. ಇದಲ್ಲದೆ, ಕಡಲನೀರಿನಲ್ಲಿ ನಿದ್ರಿಸುವ ಅಪಟೈಟನ್ನು ಆಮ್ಲ ಎಚ್ಚರಿಸಿಬಿಡುವುದು. ಆದುದರಿಂದ ಆಮ್ಲವು ಪೂರ್ವಸಿದ್ಧತೆಯೇ ಹೊರತು ಪೂರ್ಣ ಚಿಕಿತ್ಸೆಯಲ್ಲ.

ಮೂರನೆಯ ವಿಧಾನ ಹೆಚ್ಚು ಸಮರ್ಪಕವಾದುದು. ಕಲ್ಲನ್ನು ಉಪ್ಪುನೀರಿನಲ್ಲಿಟ್ಟು, ನೀರನ್ನು ಸದಾ ಚಲಿಸುವಂತೆ ಮಾಡಿ, ಕಲ್ಲು ಬಿಟ್ಟುಕೊಟ್ಟ ಫಾಸ್ಫೇಟನ್ನು ನೀರಿನಲ್ಲಿಯೇ ಹಿಡಿದು ತೆಗೆಯುವುದು ಇದರ ತತ್ತ್ವ. ನೀರಿನ ಫಾಸ್ಫೇಟು ಕಡಮೆಯಾಗುತ್ತಿದ್ದಂತೆ ಸಮತೋಲವನ್ನು ಸರಿಪಡಿಸಲು ಕಲ್ಲು ಮತ್ತಷ್ಟು ಬಿಡುತ್ತಲೇ ಇರುವುದು. ಹೀಗೆ ಹಿಡಿಯುವುದಕ್ಕೆ ಹರಳಾದ ಕಬ್ಬಿಣದ ಹೈಡ್ರಾಕ್ಸೈಡನ್ನು ಬಳಸಬಹುದು. ಲ್ಯಾಂಥನಮ್ ಕ್ಲೋರೈಡನ್ನು ಬಳಸಿದರೆ ಕೆಲಸ ಇನ್ನೂ ಶೀಘ್ರ. ಲ್ಯಾಂಥನಮ್ಮಿನ ಫಾಸ್ಫೇಟು ಬಹುತೇಕ ಕರಗದ ವಸ್ತುವಾದುದರಿಂದ ಬಿಳಿಯ ಒತ್ತರವಾಗಿ ಬೇರ್ಪಡುವುದು. ಒಂದು ಗ್ರಾಂ ಫಾಸ್ಫೇಟಿಗೆ ಲೆಕ್ಕದಂತೆ 1.46 ಗ್ರಾಂ ಲ್ಯಾಂಥನಮ್ ಸಾಕು. ಹಿಂದೆ ಹೇಳಿದ ಉದಾಹರಣೆಯಲ್ಲಿ 175 ಕಿಲೋಗ್ರಾಂ ಉಪ್ಪನ್ನು ಬೇಡಿದ ಕೆಲಸಕ್ಕೆ ಸಿದ್ಧಾಂತದ ಪ್ರಕಾರ ಒಂದೂವರೆ ಗ್ರಾಂ ಲ್ಯಾಂಥನಮ್ ಸಾಕಾಗುವುದು. ಅದರ ಒಂದು ಪಾಲು ನೀರಿನ ಕಾರ್ಬೊನೇಟಿನೊಡನೆಯೂ ಕೂಡಿಹೋಗುವುದರಿಂದ ವಾಸ್ತವದಲ್ಲಿ ಇನ್ನಷ್ಟು ಬೇಕಾಗುವುದು. ಅದೇ ಕಾರಣದಿಂದ ನೀರಿನ ಕ್ಷಾರಶಕ್ತಿಯೂ ತುಸು ಇಳಿಯುವುದು.

ಆದರೆ ಈ ಒತ್ತರದ ಕಣಗಳು ಬಹು ಸೂಕ್ಷ್ಮ. ಮೀನುಗಳ ಕಿವಿರುಗಳಲ್ಲಿ ಸಿಕ್ಕಿಕೊಂಡರೆ ಅಪಾಯ. ಆದ್ದರಿಂದ ಈ ಉಪಚಾರವನ್ನು ಜೀವಿಗಳಿಲ್ಲದ ಪ್ರತ್ಯೇಕ ಪಾತ್ರೆಯಲ್ಲಿಯೇ ನಡೆಸಬೇಕು. ದ್ರಾವಣವನ್ನು ಬಹಳ ತೆಳುವಾಗಿಸಿ ತೊಟ್ಟುತೊಟ್ಟಾಗಿ ಬಿಟ್ಟು, ನೀರನ್ನು ಹತ್ತು ಮೈಕ್ರಾನಿಗಿಂತ ಸೂಕ್ಷ್ಮವಾದ ಬಟ್ಟೆಯ ಮೂಲಕ ಶೋಧಿಸುತ್ತಿರಬೇಕು. ಒಂದೇ ಸಲ ಬಹಳ ಹಾಕಿ ಮುಗಿಸುವ ಆತುರ ನಿಷ್ಫಲ. ಕಲ್ಲಿನ ಆಳದಿಂದ ಫಾಸ್ಫೇಟು ಹೊರಬರುವ ವೇಗವನ್ನು ಯಾವ ಔಷಧವೂ ಹೆಚ್ಚಿಸಲಾರದು.

5. ಕೆಲಸ ಮುಗಿಯಿತೆಂದು ತಿಳಿಯುವ ಬಗೆ

ಫಾಸ್ಫೇಟಿನ ಪರೀಕ್ಷೆಗೆ ಮರ್ಫಿ ಮತ್ತು ರೈಲಿ 1962ರಲ್ಲಿ ರೂಪಿಸಿದ ಮಾಲಿಬ್ಡಿನಮ್ ನೀಲಿಯ ಕ್ರಮ ಪ್ರಸಿದ್ಧವಾದುದು. ನೀಲಿ ಬಣ್ಣ ಗಾಢವಾದಷ್ಟೂ ಫಾಸ್ಫೇಟು ಹೆಚ್ಚು. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಕೆಲವು ಉಪಕರಣಗಳು ಫಾಸ್ಫೇಟನ್ನಲ್ಲದೆ ಅದರಲ್ಲಿನ ರಂಜಕವನ್ನು ತೋರಿಸುತ್ತವೆ. ಒಂದು ಮಿಲಿಗ್ರಾಂ ರಂಜಕವೆಂದರೆ ಸುಮಾರು 3.07 ಮಿಲಿಗ್ರಾಂ ಫಾಸ್ಫೇಟು. ಎರಡನೆಯದಾಗಿ, ಪಾಚಿ ಬೆಳೆದಿರುವ ತೊಟ್ಟಿಯ ನೀರಿನಲ್ಲಿ ಸೊನ್ನೆ ಕಂಡರೆ ಕಲ್ಲು ಶುದ್ಧವಾಗಿದೆಯೆಂದು ಅರ್ಥವಲ್ಲ. ಕಲ್ಲು ಬಿಟ್ಟುದನ್ನು ಪಾಚಿ ಒಡನೆಯೇ ಉಣ್ಣುತ್ತಿರಬಹುದು.

ಆದುದರಿಂದ ನಿಜವಾದ ಪರೀಕ್ಷೆ ಇಂತಿರಬೇಕು: ಉಪಚಾರ ಮುಗಿದ ಕಲ್ಲನ್ನು ಹೊಸ ಉಪ್ಪುನೀರಿನಲ್ಲಿಟ್ಟು, ಪಾಚಿ ಬೆಳೆಯದಂತೆ ಕತ್ತಲು ಮಾಡಿ, ಯಾವ ಔಷಧವನ್ನೂ ಹಾಕದೆ, ನೀರನ್ನು ಚಲಿಸುತ್ತ ಎರಡು ವಾರ ಬಿಡಬೇಕು. ಮೊದಲನೆಯ, ಏಳನೆಯ ಮತ್ತು ಹದಿನಾಲ್ಕನೆಯ ದಿನಗಳಲ್ಲಿ ಅಳೆಯಬೇಕು. ಅಂಕಿ ಏರುತ್ತಿದ್ದರೆ ಉಪಚಾರವನ್ನು ಮುಂದುವರಿಸಬೇಕು, ಲೀಟರಿಗೆ 0.05 ಮಿಲಿಗ್ರಾಮಿಗಿಂತ ಕೆಳಗೆ ನಿಂತರೆ ಕಲ್ಲು ಸಿದ್ಧವಾಯಿತೆಂದು ತಿಳಿಯಬಹುದು. ಇಲ್ಲಿ ಗಮನಿಸತಕ್ಕದ್ದು ಒಂದು ದಿನದ ಅಂಕಿಯನ್ನಲ್ಲ, ಅಂಕಿಯ ಏರಿಕೆಯನ್ನು.

ತೊಟ್ಟಿಯಲ್ಲಿ ಕಂಡ ಈ ನಿಯಮ ಕಡಲಿಗೂ ಅನ್ವಯಿಸುವುದು. ಹವಾಯಿಯ ಓಆಹು ದ್ವೀಪದ ಕನೀಓಹೆ ಕೊಲ್ಲಿಗೆ ಹರಿಯುತ್ತಿದ್ದ ಊರಿನ ಚರಂಡಿನೀರನ್ನು 1977-78ರಲ್ಲಿ ಹೊರಕಡಲಿಗೆ ತಿರುಗಿಸಲಾಯಿತು. ಚರಂಡಿ ನಿಂತ ಬಳಿಕವೂ ಕೊಲ್ಲಿಯ ತಳದಲ್ಲಿ ಸಂಚಯವಾಗಿದ್ದ ಪೋಷಕದ್ರವ್ಯಗಳು ಕೆಲವು ಕಾಲ ನೀರಿಗೆ ಮರಳುತ್ತಲೇ ಇದ್ದುವೆಂಬುದನ್ನು ಸ್ಮಿತ್ ಮತ್ತು ಸಹೋದ್ಯೋಗಿಗಳ 1981ರ ಅಧ್ಯಯನದಲ್ಲಿ ಕಾಣಬಹುದು. ತೊಟ್ಟಿಯ ಕಲ್ಲನ್ನಾದರೋ ಹೊರತೆಗೆದು ಬೇರೆ ಪಾತ್ರೆಯಲ್ಲಿಟ್ಟು ಶುದ್ಧಿಮಾಡಬಹುದು. ಕಡಲಿನ ದಿಬ್ಬಕ್ಕೆ ಆ ಅನುಕೂಲವಿಲ್ಲ. ಎರಡು ಮೂರು ತಿಂಗಳು ತಾಳ್ಮೆಯಿಂದ ಒಣ ಕಲ್ಲನ್ನು ಸಿದ್ಧಪಡಿಸುವವನು ತನ್ನ ತೊಟ್ಟಿಯನ್ನು ಪಾಚಿಯಿಂದ ಕಾಪಾಡಿಕೊಳ್ಳುವುದಲ್ಲದೆ, ಜೀವಂತ ದಿಬ್ಬದ ಒಂದು ತುಂಡನ್ನು ಕಡಲಿನಲ್ಲಿಯೇ ಉಳಿಸಿದವನೂ ಆಗುತ್ತಾನೆ.